ಹುಳಿನೀರು ಕುಡಿದ ಕಪ್ಪು ಕಟ್ಟೆ

ಹುಣಸೆಹಣ್ಣಿಗೆ ನೂರೈವತ್ತು ಶಿಲ್ಲಿಂಗ್, ನಿಂಬೆಹಣ್ಣಿಗೆ ನೂರು, ಉಪ್ಪು ಮನೆಯದೇ. ಅಡುಗೆಮನೆ ಒರೆಸುವ ದ್ರಾವಣವನ್ನು ಮನೆಯಲ್ಲೇ ತಯಾರಿಸಲು ಇಷ್ಟೇ ಖರ್ಚು ಎಂದು ಮೊದಲ ದಿನ ನಂಬಿದ್ದೆ. ಸೂಪರ್‌ಮಾರ್ಕೆಟ್ಟಿನಲ್ಲಿ ಒಂದು ಪುಟ್ಟ ಬಾಟಲಿಗೇ ಇದಕ್ಕಿಂತ ಹೆಚ್ಚು. ಮೇಲಾಗಿ ಅಲ್ಲಿ ಚೌಕಾಸಿ ನಡೆಯುವುದಿಲ್ಲ. ನಾನು ಈ ಪರದೇಶದ ಊರಿಗೆ ಬಂದು, ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಖರೀದಿ ವಿಭಾಗ ನೋಡಿಕೊಳ್ಳುವವನು. ಬೆಲೆಚೀಟಿ ಅಂಟಿಸಿದ ವಸ್ತುವನ್ನು ಸುಮ್ಮನೆ ಕೊಂಡು ಬಂದರೆ ಆ ದಿನ ಊಟ ರುಚಿಸುವುದಿಲ್ಲ.

ಸೂತ್ರ ಅಮ್ಮನದು. ಹಬ್ಬದ ಹಿಂದಿನ ದಿನ ಮೈಸೂರಿನ ಮನೆಯಲ್ಲಿ ಅವಳು ಹಿತ್ತಾಳೆ ದೀಪಗಳನ್ನು ಹುಣಸೆಹುಳಿ ಹಾಕಿ ತಿಕ್ಕಿದರೆ ಅವುಗಳಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ದೀಪ ಹೊಳೆದ ಮೇಲೆ ಒಲೆಕಟ್ಟೆ ಯಾಕೆ ಹೊಳೆಯಬಾರದು? ಹುಳಿ ಕಿವುಚಿ, ನಿಂಬೆರಸ, ಉಪ್ಪು ಬೆರೆಸಿ, ಸೋಸಿ, ಮೂರು ಬಾಟಲಿ ತುಂಬಿದೆ.

"ರೀ, ಮೊದ್ಲು ಒಂದು ಮೂಲೇಲಿ ಹಚ್ಚಿ ನೋಡಿ" ಎಂದಳು ಹೆಂಡತಿ ಸುಮಾ.

"ಗ್ರಾನೈಟಿಗೆ ಏನೂ ಆಗಲ್ಲ ಕಣೇ. ನಮ್ಮೂರಲ್ಲಿ ಅದರ ಮೇಲೇ ಹುಳಿ ಕಿವುಚ್ತಾರೆ."

ನಮ್ಮ ಕಡೆ ಅಡುಗೆಮನೆಯ ಕಪ್ಪು ಕಟ್ಟೆ ಎಂದರೆ ಗ್ರಾನೈಟೇ. ಬೇರೆ ಕಲ್ಲೂ ಕಪ್ಪಗಿರಬಹುದೆಂಬ ಯೋಚನೆ ನನಗೇಕೆ ಬರಬೇಕು? ಒಂದು ಬಾಟಲಿಯನ್ನು ಧಾರಾಳವಾಗಿ ಸುರಿದು ಅರ್ಧ ಗಂಟೆ ನೆನೆಯಲು ಬಿಟ್ಟೆ. ಮನೆಗೆಲಸದ ಎಸ್ತರ್ ಬಂದು ಒರೆಸಿದಳು. ಇನ್ನೊಮ್ಮೆ ಒರೆಸಿದಳು. ಆಮೇಲೆ ಬಟ್ಟೆ ಕೆಳಗಿಟ್ಟು, ಸಾವಿನ ಮನೆಯಲ್ಲಿ ಮಾತಾಡುವವಳ ಹಾಗೆ "ಪೋಲೆ ಸಾನಾ, ಬಾಸ್" ಎಂದಳು, ಇಲ್ಲಿನವರ ಮಾತಿನಲ್ಲಿ 'ತುಂಬಾ ವಿಷಾದ' ಅಂತ. ಕಟ್ಟೆಯ ತುಂಬ ಬೂದಿ ಬಣ್ಣದ ಮಚ್ಚೆಗಳೆದ್ದಿದ್ದವು. ಹೊಳಪು ಸತ್ತುಹೋಗಿತ್ತು.

ಈಗ ಹಳೆಯ ಒಂದು ಪರಾಕ್ರಮ ಹೇಳಬೇಕು. ಮೂರು ವರ್ಷದ ಹಿಂದೆ ಹೈರಿಡ್ಜ್ ಬಡಾವಣೆಯ ಈ ಮನೆ ನೋಡಲು ಬಂದಾಗ ಕಟ್ಟೆಯ ಮೂಲೆಯಲ್ಲಿ ಅಂಗೈಗಿಂತ ಚಿಕ್ಕದೊಂದು ಮಾಸಲು ಕಲೆ ಕಂಡಿತ್ತು. ಅದನ್ನು ಬೆರಳಿಟ್ಟು ತೋರಿಸಿ, "ಅಡುಗೆಮನೆ ಹಳೆಯದಾಯಿತಲ್ಲ" ಎಂದು ಒಡತಿ ಶಾರದಾಬೆನ್ ಎದುರು ಮುಖ ಸಿಂಡರಿಸಿ, ಬಾಡಿಗೆಯನ್ನು ಚೆನ್ನಾಗಿಯೇ ಇಳಿಸಿಕೊಂಡಿದ್ದೆ. ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ ಗೆಳೆಯರು ನನ್ನನ್ನು ನೋಡಿದೊಡನೆ "ಕಲೆ ಹೇಗಿದೆ?" ಎಂದೇ ಕೇಳುತ್ತಾರೆ. ಅದೇ ಶಾರದಾಬೆನ್ ಬರುವ ಶನಿವಾರ ಕರಾರು ಮುಂದುವರಿಸಲು ಬರುವವರಿದ್ದರು. ಅವರು ಒಲ್ಲೆನೆಂದರೆ ಮನೆ ಹೋಗುತ್ತಿತ್ತು, ಮಗಳು ಅನಘಾ ಶಾಲೆಗೆ ನಡೆದು ಹೋಗುವ ಸುಖವೂ ಹೋಗುತ್ತಿತ್ತು.

ಶನಿವಾರ ಕಟ್ಟೆಯ ಮೇಲೆ ಜರತಾರಿ ಅಂಚಿನ ಬಟ್ಟೆ ಹಾಸಿ ಚಕ್ಕುಲಿ, ಕೋಡುಬಳೆ ಜೋಡಿಸಿದೆ. ಸುಮಾ ಮೊದಲೇ ಹೇಳಿಬಿಟ್ಟಿದ್ದಳು: "ಕೇಳಿದ್ರೆ ನಾನಂತೂ ಸುಳ್ಳು ಹೇಳಲ್ಲ." ಶಾರದಾಬೆನ್ ಸೋಫಾದ ಕಡೆ ನೋಡದೆ ನೇರ ಅಡುಗೆಮನೆಗೆ ನಡೆದರು. ಅವರು ಇಪ್ಪತ್ತು ವರ್ಷ ರೊಟ್ಟಿ ಲಟ್ಟಿಸಿದ ಜಾಗವಲ್ಲವೇ!

"ಏನು ಭಾಯ್, ಒಲೆ ಪಕ್ಕ ಜರಿ ಬಟ್ಟೆ? ಹಬ್ಬವಾ?"

"ನಮ್ಮಲ್ಲೊಂದು ಪದ್ಧತಿ..."

"ನೋ ಆಂಟಿ," ಎಂದಳು ಅನಘಾ, ಚಕ್ಕುಲಿ ಮುರಿಯುತ್ತ. "ಪಪ್ಪಾ ಸ್ಪಾಯಿಲ್ಡ್ ಇಟ್."

ಶಾರದಾಬೆನ್ ತಿಂಡಿ ಸರಿಸಿ ಬಟ್ಟೆ ಎತ್ತಿದರು. ಕಲ್ಲನ್ನು ಬಹಳ ಹೊತ್ತು ಸವರಿದರು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಮೆಲ್ಲಗೆ, "ಇದು ಮಾರ್ಬಲ್ ಭಾಯ್, ಹುಳಿ ತಾಗಿದರೆ ಹೊಳಪು ಹೋಗುತ್ತೆ. ನಮ್ಮ ಯಜಮಾನರು ಆರಿಸಿ ತಂದದ್ದು. ನೀವು ಅವತ್ತು ತೋರಿಸಿದ ಕಲೆ ನೆನಪಿದೆಯಾ? ನಾನೊಮ್ಮೆ ನಿಂಬೆಹೋಳು ಇಟ್ಟು ಮರೆತದ್ದು" ಎಂದರು.

ನಾನು ಚಕ್ಕುಲಿ ತಟ್ಟೆಯನ್ನು ಅವರತ್ತ ಸರಿಸಿದೆ. ಅವರು ಅದನ್ನು ಮುಟ್ಟಲಿಲ್ಲ.

"ಒಂದು ನಿಂಬೆಹೋಳಿಗೆ ಅಷ್ಟು ಇಳಿಸಿಕೊಂಡಿರಿ. ಇದಕ್ಕೆಷ್ಟು ಏರಿಸಲಿ, ನೀವೇ ಹೇಳಿ."

ಇಳಿಸಿಕೊಂಡ ಅಷ್ಟನ್ನೂ ಮತ್ತೆ ಏರಿಸಲು ಒಪ್ಪಿದೆ. ಪಾಲಿಶ್ ಖರ್ಚೂ ನನ್ನದೇ ಎಂದೆ. ಜೀವನದಲ್ಲಿ ಚೌಕಾಸಿ ಮಾಡದೆ ಮುಗಿಸಿದ ಏಕೈಕ ವ್ಯವಹಾರ ಇದು. ಅವರು ಸಹಿ ಹಾಕಿ, ಎರಡು ಕೋಡುಬಳೆ ತಿಂದು, ನಾಲ್ಕನ್ನು ಕಟ್ಟಿಸಿಕೊಂಡು ಹೋದರು.

ಆದ್ದರಿಂದ ನನ್ನ ಮಾತು ಕೇಳಿ. ಕಲ್ಲಿನ ಕಟ್ಟೆಗೆ ಪಾತ್ರೆ ತೊಳೆಯುವ ಸೋಪಿನ ನೀರು ಸಾಕು. ಏನೇ ಹಚ್ಚುವುದಿದ್ದರೂ ಮೊದಲು ಮೂಲೆಯಲ್ಲಿ ಹಚ್ಚಿ ನೋಡಿ, ಅದನ್ನು ಹೆಂಡತಿ ಹೇಳಿದ್ದರಂತೂ ತಪ್ಪದೆ ನೋಡಿ. ಬಾಡಿಗೆಮನೆಯಲ್ಲಿ ಕಲೆ ಕಂಡರೆ ಬೆಲೆ ಇಳಿಸುವ ಮುನ್ನ, ಅದು ಹೇಗಾಯಿತೆಂದು ವಿಚಾರಿಸಿ. ಅಂದಹಾಗೆ, ಎರಡು ಬಾಟಲಿ ಹುಳಿನೀರು ಉಳಿದಿದೆ. ಹಿತ್ತಾಳೆ ದೀಪಕ್ಕೆ ಬಲು ಒಳ್ಳೆಯದು. ಬೇಕಿದ್ದವರು ಬನ್ನಿ, ರೇಟು ಮಾತಾಡೋಣ.