ಕಾಕಾನ ರೊಟ್ಟಿ ಸಪ್ಪಳ

ಈ ವರ್ಷ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವುದು ನಮ್ಮ ಕಾಕಾನೋ, ಕಾಕಾನ ಮಗಳೋ ಎಂದು ಮಳಖೇಡದಲ್ಲಿ ಯಾರನ್ನಾದರೂ ಕೇಳಿ ನೋಡಿ. ಅರ್ಧ ಊರು ಕಾಕಾನ ಹೆಸರನ್ನೇ ಹೇಳುತ್ತದೆ! ಮಗಳು ಅಂಬಿಕಾ ಹೊತ್ತಿಗೆ ಸರಿಯಾಗಿ ಉಂಡು, ಮಲಗಿ, ಶಾಲೆಗೆ ಹೋಗಿ ಬರುತ್ತಾಳೆ. ನಿದ್ದೆಗೆಟ್ಟು, ಊಟ ಸೇರದೆ, ದಾರಿಯಲ್ಲಿ ತನ್ನಷ್ಟಕ್ಕೇ ಮಾತಾಡಿಕೊಳ್ಳುತ್ತ ತಿರುಗುವವನು ಸಿಮೆಂಟ್ ಫ್ಯಾಕ್ಟರಿಯಲ್ಲಿ ದುಡಿಯುವ, ದಪ್ಪ ಮೀಸೆಯ ನಮ್ಮ ಕಾಕಾ.

ಅವನ ಕಾಟ ಗಣಿತದ ಮಾಸ್ತರರನ್ನು ಕೇಳಬೇಕು. ಒಂದು ಸಂಜೆ ಅವರನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ನಿಲ್ಲಿಸಿದ.

"ಸರ್, ನನ್ನ ಮಗಳು ಪಾಸ್ ಆಗ್ತಾಳೇನ್ರಿ?"

"ಆಗ್ತಾಳ್ರೀ, ಫಿಕರ್ ಮಾಡಬ್ಯಾಡ್ರಿ."

"ಮತ್ತ ಯಾಕ ನಕ್ಕೋತ ಹೇಳ್ಲಿಕತ್ತೀರಿ?"

ಮರುದಿನ ಪಾಪ, ಮಾಸ್ತರರು ನಗದೆ ಹೇಳಿದರು. "ನಿನ್ನಿ ನಗ್ತಿದ್ರಿ, ಇವತ್ತ ಯಾಕ ಮಾರಿ ಸಣ್ಣ ಮಾಡ್ಕೊಂಡೀರಿ? ಖರೇ ಹೇಳ್ರಿ, ಪೇಪರ್ ಭಾಳ ಕಠಿಣ ಬರ್ತದೇನು?" ಎಂದು ಕಾಕಾನಿಗೆ ಇನ್ನಷ್ಟು ದಿಗಿಲು! ಈಗ ಮಾಸ್ತರರು ಕಾಕಾನನ್ನು ದೂರದಿಂದ ಕಂಡರೂ ಸಾಕು, ಸೇಡಂ ಬಸ್ಸೋ ಕಲಬುರಗಿ ಬಸ್ಸೋ ನೋಡದೆ ಸಿಕ್ಕಿದ್ದನ್ನು ಹತ್ತಿಬಿಡುತ್ತಾರೆ.

ನಗಬೇಡಿ, ಅವನ ಹೆದರಿಕೆಗೆ ಕಾರಣವಿತ್ತು. ಕಾಕಿ ತೀರಿಕೊಂಡಾಗ ಅಂಬಿಕಾ ಇನ್ನೂ ಏಳನೆಯಲ್ಲಿದ್ದಳು. ಅವತ್ತಿನಿಂದ ಒಲೆ ಅವಳ ಪಾಲಿಗೆ ಬಂತು. ಬೆಳಿಗ್ಗೆ ರೊಟ್ಟಿ, ಸಂಜೆ ರೊಟ್ಟಿ, ನಡುವೆ ಶಾಲೆ. ಲೆಕ್ಕ ಹೇಳಿಕೊಡಲೆಂದು ನಾನು ಭಾನುವಾರಗಳಲ್ಲಿ ಸೇಡಂನಿಂದ ಹೋಗುತ್ತಿದ್ದೆ. ಒಂದು ಸಮೀಕರಣ ಬಿಡಿಸುವುದರೊಳಗೆ ಹುಡುಗಿ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದಳು. ಮೊದಲು ತರಗತಿಗೇ ಜಾಣೆ ಎನಿಸಿಕೊಂಡವಳು ಹತ್ತನೆಯ ತರಗತಿಯ ಮೊದಲ ಪರೀಕ್ಷೆಯಲ್ಲೇ ಗಣಿತದಲ್ಲಿ ನಪಾಸಾದಳು.

ಆಗ ನಮ್ಮ ಆಯಿ, ಅಂದರೆ ಕಾಕಾನ ತಾಯಿ, ಫರ್ಮಾನು ಹೊರಡಿಸಿದಳು. "ಗಣಿತ ಬರದಿದ್ರ ಏನಾತು? ರೊಟ್ಟಿ ಬರ್ತಾವಿಲ್ಲ? ಒಂದ್ ಚಲೋ ಮನಿ ನೋಡಿ ಮಾತು ಮುಗಿಸಿ ಇಡೂಣು." ಹದಿನೆಂಟು ತುಂಬದೆ ಲಗ್ನ ಮಾಡಿದರೆ ಪೊಲೀಸರು ಬರುತ್ತಾರೆಂದು ಆಯಿಗೂ ಗೊತ್ತು. ಅದಕ್ಕೇ ಈ ಮಾತು ಮುಗಿಸಿ ಇಡುವ ಜಾಣತನ! ಆದರೆ ಮಾತು ಮುಗಿದ ಹುಡುಗಿ ಮುಂದೆ ಕಾಲೇಜಿನ ಮುಖ ನೋಡಿದ್ದು ನಮ್ಮ ಮನೆತನದಲ್ಲಿ ಒಬ್ಬಳೂ ಇಲ್ಲ. ತಾಯಿಗೆ ಎದುರು ಮಾತಾಡಿ ಕಾಕಾನಿಗೆ ರೂಢಿಯಿಲ್ಲ. ಏನು ಮಾಡಿಯಾನು?

ರೊಟ್ಟಿ ಬಡಿದ! ಹೌದು, ಆ ಮೀಸೆ ಹೊತ್ತುಕೊಂಡು! ಬೆಳಕು ಹರಿಯುವ ಮುಂಚೆ ಎದ್ದು, ಅಡುಗೆಮನೆಯ ಅಗಳಿ ಹಾಕಿಕೊಂಡು, ಪರಾತದಲ್ಲಿ ಹಿಟ್ಟು ನಾದಿ ಬಡಿಯತೊಡಗಿದ. ಮೊದಲ ವಾರದ ರೊಟ್ಟಿಗಳನ್ನು ಎಮ್ಮೆ ಕೂಡ ಮೂಸಿ ನೋಡಿ ಮುಖ ತಿರುಗಿಸಿತು. ಆದರೆ ಸಿಮೆಂಟ್ ಚೀಲ ಎತ್ತಿದ ಕೈ ನೋಡಿ, ಬರಬರುತ್ತ ಹದಕ್ಕೆ ಬಂತು. ಒಳಗೋಣೆಯಲ್ಲಿ ಅಂಬಿಕಾ ಓದುತ್ತಿದ್ದಳು. ಅದೂ ಬಾಯಿ ಬಿಡದೆ, ಮನಸ್ಸಿನಲ್ಲೇ! ಓದು ಕೇಳಿಸಿದರೆ ಗುಟ್ಟು ರಟ್ಟಾಗುತ್ತದಲ್ಲ? ಕಣ್ಣು ಮಂಜಾದ ಆಯಿ ಹೊರಗೆ ಹೊರಸಿನ ಮೇಲೆ ಕೂತು, "ಹುಡುಗಿ ಕೈ ಪಳಗ್ತು ನೋಡು!" ಎಂದು ಹಿಗ್ಗುತ್ತಿದ್ದಳು.

ಆದರೆ ಕಾಕಾ ಒಂದನ್ನು ಮರೆತಿದ್ದ. ನಮ್ಮ ಕಡೆ ಹುಡುಗಿಯ ಮುಖ ನೋಡುವ ಮೊದಲೇ ಜನ ಅವಳ ರೊಟ್ಟಿಯ ಸಪ್ಪಳ ಕೇಳಿರುತ್ತಾರೆ. ಅಗಳಿ ಹಾಕಿದರೆ ಮೀಸೆ ಕಾಣಲಿಕ್ಕಿಲ್ಲ, ಸಪ್ಪಳಕ್ಕೆ ಅಗಳಿ ಹಾಕುವವರು ಯಾರು? ಎದುರುಮನೆಯ ಶಾಂತಕ್ಕ ಓಣಿ ತುಂಬ ಸಾರಿದಳು. "ಏನ್ ಕೈ ಅದಾವಬೇ ಆ ಹುಡುಗೀವು! ಒಂದ್ ಏಟು ತಪ್ಪಂಗಿಲ್ಲ!" ಸುದ್ದಿ ಮುಧೋಳದ ಅವಳ ಬಳಗಕ್ಕೂ ಮುಟ್ಟಿತು. ಯಾವ ಮಾತುಕತೆ ತಪ್ಪಿಸಲೆಂದು ಕಾಕಾ ರೊಟ್ಟಿ ಬಡಿದನೋ, ಆ ರೊಟ್ಟಿಯೇ ಬೀಗರನ್ನು ಮನೆ ಬಾಗಿಲಿಗೆ ಕರೆತಂದಿತು!

ಬಂದದ್ದಾದರೂ ಯಾವಾಗ? ಪೂರ್ವಸಿದ್ಧತಾ ಪರೀಕ್ಷೆಯ ಗಣಿತ ಪೇಪರಿನ ಹಿಂದಿನ ದಿನ, ಭಾನುವಾರ. ನಾನೂ ಅಲ್ಲೇ ಇದ್ದೆ. ಹುಡುಗನ ತಾಯಿ ಚಾಪೆಯ ಮೇಲೆ ಕೂತು ಅಂದಳು. "ರೂಪ ನಾಕ ದಿನದ್ದು, ಕೈ ಕಾಯಂ. ಹುಡುಗಿ ನಮ್ಮ ಮುಂದ ಎರಡು ರೊಟ್ಟಿ ಬಡಿಲಿ."

"ಏಳವ್ವಾ ಅಂಬಿಕಾ," ಎಂದಳು ಆಯಿ.

ಅಂಬಿಕಾ ನನ್ನ ಮುಖ ನೋಡಿದಳು. ನಾನು ಕಾಕಾನ ಮುಖ ನೋಡಿದೆ. ಅವಳು ಪುಸ್ತಕ ಮುಚ್ಚಿ ಎದ್ದಳು.

"ತಡಿ!" ಎಂದ ಕಾಕಾ. ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದ. ಅಡುಗೆಮನೆಯ ಬಾಗಿಲು ಹಾರುಹೊಡೆದು ನೆಟ್ಟಗೆ ಒಳಗೆ ಹೋದ, ಲುಂಗಿ ಎತ್ತಿ ಕಟ್ಟಿ ಒಲೆಯ ಮುಂದೆ ಕೂತು ಬಡಿಯತೊಡಗಿದ. ಮನೆ ತುಂಬ ಸಪ್ಪಳ!

"ಶಾಂತಕ್ಕ, ನೀವು ಕೇಳಿದ್ದು ಇದೇ ಸಪ್ಪಳಾ ಹೌದಿಲ್ಲರಿ?"

"ಹೌ... ಹೌದ್ರಿ," ಎಂದಳು ಬೀಗರ ಜೊತೆಗೆ ಬಂದಿದ್ದ ಶಾಂತಕ್ಕ.

"ದಿನಾ ಬಡಿಯಾಂವ ನಾನು! ನಿಮಗ ಈ ಕೈನೇ ಬೇಕಂದ್ರ ನನ್ನನ್ನೇ ಕರಕೊಂಡು ಹೋಗ್ರಿ, ಸೀರಿ ಉಟ್ಕೊಂಡು ಬರ್ತೀನಿ. ನನ್ನ ಮಗಳಿಗಿ ನಾಳಿ ಗಣಿತ ಪೇಪರ್ ಅದ!"

ಬೀಗರು ಚಹಾ ಕೂಡ ಕುಡಿಯದೆ ಎದ್ದರು. ಶಾಂತಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ ಅವರ ಹಿಂದೆ ಓಡಿದಳು. ನನಗೂ ನಗು ತಡೆಯದಾಗಿತ್ತು, ಆದರೆ ಆಯಿಯ ಮುಖ ನೋಡಿ ಗಪ್ಪಾದೆ. ಇನ್ನು ಈ ಮನೆ ರಣರಂಗವಾಗುತ್ತದೆ, ನಾಳೆಯ ಪೇಪರ್ ಹಾಳಾಗಿ ಹೋಗುತ್ತದೆ ಎಂದುಕೊಂಡೆ. ಕಾಕಾ ತಲೆ ತಗ್ಗಿಸಿ ಇನ್ನೊಂದು ರೊಟ್ಟಿಯನ್ನು ಹಂಚಿಗೆ ಹಾಕಿದ.

ಆಯಿ ಗೋಡೆ ಹಿಡಿದುಕೊಂಡು ಒಲೆಯ ಹತ್ತಿರ ಬಂದು ಕೂತಳು. ತಡವಿ ತಡವಿ ಮಗನ ಕೈ ಹಿಡಿದಳು, ಬೆರಳಿಗೆ ಮೆತ್ತಿದ ಹಿಟ್ಟನ್ನು ಮುಟ್ಟಿ ನೋಡಿದಳು.

"ಇಷ್ಟ ದಿನಾ ನೀನೇ ಏನೋ?"

"ಹೌದವ್ವಾ. ಬೈಬ್ಯಾಡವ್ವಾ. ಹುಡುಗಿ ಓದ್ಲಿ."

ಆಯಿ ಮೊಮ್ಮಗಳ ಕಡೆ ತಿರುಗಿದಳು. "ಅಂಬಿಕಾ, ಒಳಗ ಹೋಗಿ ಓದವ್ವಾ. ಬಾಯಿ ಬಿಟ್ಟು ಓದು, ನನಗೂ ಕೇಳ್ಲಿ," ಎಂದಳು. ಮಗನ ಕೈ ಮಾತ್ರ ಬಿಡಲಿಲ್ಲ. ಅದನ್ನು ಕಣ್ಣಿಗೆ ಒತ್ತಿಕೊಂಡು ಸಣ್ಣ ದನಿಯಲ್ಲಿ ಅಂದಳು:

"ನಮ್ಮಪ್ಪನವೂ ಹಿಂಗೇ ಗಟ್ಟಿ ಕೈ ಇದ್ದವು. ಒಂದ್ ವರ್ಷ ಅಂವ ಒಲಿ ಮುಂದ ಕುಂತಿದ್ರ, ನಾನೂ ಸಾಲಿಗಿ ಹೋಗ್ತಿದ್ದೆ."

ಹಂಚಿನ ಮೇಲೆ ರೊಟ್ಟಿ ಹೊತ್ತಿ ಹೊಗೆಯೆದ್ದಿತು. ನಾವು ಯಾರೂ ಅದನ್ನು ತಿರುವಿ ಹಾಕಲಿಲ್ಲ.