ನಮ್ಮನಿ ಕುಡುಕ ರೋಲು

ನಾ ಎಷ್ಟು ಹುಷಾರಿದ್ರೂ ವಾರಕ್ಕೊಂದು ಫಜೀತಿ ನಮ್ಮ ಬಾಗಿಲು ಬಡದೇ ಬಡೀತದ ನೋಡ್ರಿ. ಅದಕ್ಕ ಗಾಳಿದಾಗಿನ ತೇವ ಕಾರಣ ಅಂತ ನಾ ಅಂತೀನಿ. ನನ್ನ ಬಾಯಿ ಕಾರಣ ಅಂತ ನಮ್ಮ ಅತ್ತಿ ಅಂತಾರ.

ಮೊದಲು ಕಸುಬು ಹೇಳ್ತೀನಿ. ನಂದು ತ್ರೀಡಿ ಪ್ರಿಂಟಿಂಗ್. ಮಹಾರಾಷ್ಟ್ರದ ಸಂಭಾಜಿನಗರದಾಗ ಬಾಡಿಗಿ ಮನಿಯ ಮುಂದಿನ ಖೋಲಿದಾಗ ಒಂದು ಮಷೀನ್. ಪ್ಲಾಸ್ಟಿಕ್ ದಾರದ ರೋಲ್ ಹಾಕಿದ್ರ ಅದು ದಾರ ಕರಗಿಸಿ, ಪದರಿನ ಮ್ಯಾಲ ಪದರ ಇಟ್ಟು ಸಾಮಾನು ಮಾಡ್ತದ. ಗಟ್ಟಿ ಪ್ಲಾಸ್ಟಿಕ್ ಪಾಪ, ಹೇಳಿದಂಗ ಕೇಳ್ತದ. ತಂಟೆ ಎಲ್ಲಾ ರಬ್ಬರಿನಂಗ ಬಾಗೋ ಟಿಪಿಯು ಅನ್ನೋದರದ್ದು. ಸುಮ್ಮನ ಇಟ್ಟಲ್ಲೇ ಗಾಳಿದಾಗಿನ ನೀರು ಕುಡೀತದ! ಆಮ್ಯಾಲ ಮಷೀನಿನ ಬಿಸಿಗೆ ಆ ನೀರು ಉಗಿ ಆಗಿ ಒಳಗೇ ಸಿಡೀತದ. ಅದಕ್ಕ ಮೊದಲು ರೋಲ್ ಸಣ್ಣ ಓವನ್ನಿನಾಗ ಇಟ್ಟು ಒಣಗಿಸಬೇಕು.

ನಾನು ನಾಸಿಕ್ ರೋಡಿನಾಗ ಪಗಾರದ ನೌಕರಿ ಬಿಟ್ಟು ಬಂದಾಕಿ. ಯಜಮಾನ್ರು ಇನ್ನೂ ಅಲ್ಲೇ ಇದ್ದಾರ, ಶನಿವಾರಕ್ಕ ಬರ್ತಾರ. ಇಲ್ಲಿ ನಾನೂ ಅತ್ತಿನೂ. ಊರ ಹೊರಗ ಬಿಡಕಿನ್ನಿನಾಗಿನ ಒಂದು ಹೊಸ ಫ್ಯಾಕ್ಟರಿಗೆ ವಾಯರಿನ ತುದಿಗೆ ಹಾಕೋ ಮೆತ್ತನ್ನ ಟೊಪ್ಪಿಗಿ ಮಾಡಿಕೊಡೋ ಕೆಲಸ ಸಿಕ್ರ ಇಲ್ಲೇ ಇರೋದು. ದಸರಾದೊಳಗ ಸಿಗಲಿಲ್ಲಂದ್ರ ಮಷೀನ್ ಮಾರಿ ನಾಸಿಕ್ಕಿಗೆ ವಾಪಸ್. ಹಂಗಂತ ಮನಿಯಾಗ ಮಾತಾಗಿತ್ತು. ಮಷೀನ್ ಮಾರೋ ಮಾತು ಬಂದ್ರ ನನಗ ಊಟ ಸೇರ್ತಿರಲಿಲ್ಲ.

ಗಡ್ಡದ ಟೊಪ್ಪಿಗಿ

ಮೊದಲನೇ ಸ್ಯಾಂಪಲ್ಲು ಮಳಿಗಾಲದಾಗ ಮಾಡಿದ್ದು. ರೋಲ್ ಎರಡು ದಿನ ಹಂಗೇ ಹೊರಗ ಉಳದಿತ್ತು. ಟೊಪ್ಪಿಗಿ ಬಂತು, ಜೊತಿಗೆ ಸುತ್ತಲೂ ಸಣ್ಣ ಎಳಿ ಎಳಿ ಗಡ್ಡನೂ ಬಂತು. ಅತ್ತಿ ಕೈಯಾಗ ಹಿಡದು ತಿರುಗಿಸಿ ನೋಡಿ, ಇದಕ್ಕ ಕ್ಷೌರ ಮಾಡಿಸಿ ಕಳಸು ಅಂದ್ರು. ಅವರು ಚ್ಯಾಷ್ಟಿ ಮಾಡಿದ್ರು, ನಾ ಖರೇ ಅಂತ ತಿಳಕೊಂಡೆ. ಯಜಮಾನ್ರ ರೇಜರ್ ತಗೊಂಡು ಹನ್ನೆರಡೂ ಟೊಪ್ಪಿಗಿ ಬೋಳಿಸಿ ಕಳಿಸಿದೆ.

ಮೂರನೇ ದಿನ ಫ್ಯಾಕ್ಟರಿ ಸಾಹೇಬ್ರ ಫೋನ್ ಬಂತು. ಮಾಲು ತಪಾಸೋ ಮರಾಠಿ ಮನುಷ್ಯಾ, ಭಾಳ ಶಾಂತ ಸ್ವಭಾವ. ಗಡ್ಡ ಛಲೋ ತಗದೀರಿ ತಾಯಿ, ಆದ್ರ ಮೊಡವಿ ಹಂಗೇ ಉಳದಾವ ಅಂದ್ರು.

ಅವನು ಮತ್ತ ಕುಡದಾನ

ಮರಾಠಿದಾಗ ರೋಲ್ ಅನ್ನೋದು ಗಂಡಸು. 'ಅದು' ಅನ್ನಂಗಿಲ್ಲ, 'ತೊ' ಅನ್ನಬೇಕು, ಅಂದ್ರ ಅವನು. ನಾ ಮೆಟ್ಟಿಲದ ಹತ್ರ ನಿಂತು ರೋಲ್ ಮಾರೋವ್ರಿಗೆ ಮರಾಠಿದಾಗ ಫೋನ್ ಮಾಡಿದ್ದೆ. ಅವನು ಮತ್ತ ಕುಡದಾನ್ರಿ, ಎರಡು ದಿನ ಹೊರಗಿದ್ದ, ಬಾಯಿಂದ ಗುಳ್ಳಿ ಬರ್ಲಿಕತ್ತಾವ, ಇವತ್ತ ಅವನ್ನ ಓವನ್ನಿನಾಗ ಹಾಕೇ ಬಿಡ್ತೀನಿ ಅಂದೆ. ಮ್ಯಾಲಿನ ಮನಿಯ ಕಾಕೂ, ನಮ್ಮ ಮನಿಯ ಮಾಲಕೀಣಿ, ಅರಿವಿ ಒಣಹಾಕ್ಕೋತ ಎಲ್ಲಾ ಕೇಳಿಸಿಕೊಂಡಾರ.

ಶನಿವಾರ ನಮ್ಮ ಯಜಮಾನ್ರು ಬಂದ್ರು. ಚಹಾ ಸುದ್ದಾ ಮುಟ್ಟದ ಮನುಷ್ಯಾ ಅವರು. ಕಾಕೂ ಮೆಟ್ಟಿಲದಾಗೇ ಅವರನ್ನ ನಿಲ್ಲಿಸಿ, ತಲಿ ಮ್ಯಾಲ ಕೈಯಿಟ್ಟು, ಕಣ್ಣಾಗ ನೀರು ತಂದು ಹೇಳಿದ್ರಂತ:

"ಕುಡಿಯೋದು ಬಿಡಪ್ಪಾ, ನಿನ್ನ ಹೇಣ್ತಿ ಓವನ್ ತಂದಾಳ."

ಅತ್ತಿ ಕಿವಿ

ಒಣಗಿದ ರೋಲ್ ಇದ್ರ ಮಷೀನ್ ಸುಮ್ಮನ ನಡೀತದ. ಹಸಿ ಇದ್ರ ಚಟಪಟ ಅಂತದ. ಕಾದ ಎಣ್ಣಿಗೆ ಹಸಿ ಸೌಟು ಹಾಕಿದ್ರ ಕೇಳ್ತದಲ್ಲ, ಅದೇ ಸಪ್ಪಳ. ಅಷ್ಟು ವರ್ಷ ಒಲಿ ಮುಂದ ನಿಂತ ಅತ್ತಿಗೆ ಅದು ನನಗಿಂತ ಮೊದಲ ಗೊತ್ತಾಗ್ತದ. ಮುಂದಿನ ಖೋಲಿದಾಗ ಕೂತು ನಾ ಕಂಪ್ಯೂಟರ್ ನೋಡ್ತಿದ್ರ, ಅಡಗಿಮನಿಯಿಂದಲೇ ಹಸಿ ಅದ, ತಗಿ ಅಂತಾರ. ತಗದು ನೋಡಿದ್ರ ಹಸಿನೇ ಇರ್ತದ!

ಎರಡನೇ ಸ್ಯಾಂಪಲ್ ಹಾಕಿದ ದಿನ ಹಂಗೇ ಒದರಿದ್ರು. ಮೂರು ತಾಸಿನ ಪ್ರಿಂಟು, ಇನ್ನ ಹತ್ತೇ ನಿಮಿಷ ಬಾಕಿ. ಓಡಿಹೋಗಿ ಬಂದ್ ಮಾಡಿದೆ. ಮಷೀನ್ ಬಂದ್ ಆದ್ರೂ ಚಟಪಟ ನಿಲ್ಲವಲ್ದು. ಮ್ಯಾಲ ಕಾಕೂ ಭಜಿ ಕರಿಲಿಕತ್ತಿದ್ರು. ನಡುವ ನಿಲ್ಲಿಸಿದ ಪ್ರಿಂಟು ಹಾಳಾತು, ನನಗ ಅಳು ಬಂತು. ಅತ್ತಿ ಮಾತ್ರ, ಹೋಗ್ಲಿ ಬಿಡು, ಬಿಸಿ ಇದ್ದಾಗೇ ಎರಡು ಇಸಕೊಂಡು ಬಾ ಅಂದ್ರು.

ಕಡೀ ಮೋಕಾ

ಮೂರನೇ ಸಲ ಸಾಹೇಬ್ರೇ ಬಂದು ಕಣ್ಣಮುಂದ ಪ್ರಿಂಟ್ ನೋಡ್ತೀನಿ ಅಂದ್ರು. ಇದು ಕೆಟ್ರ ಮಷೀನ್ ಮಾರೋದೇ. ಅವತ್ತು ಬೆಳಿಗ್ಗಿಂದ ಜಡಿಮಳಿ! ನಾ ಹಿಂದಿನ ದಿನಾನೇ ರೋಲ್ ಒಣಗಿಸಿ, ಡಬ್ಬಿದಾಗ ಬಿಗಿ ಮುಚ್ಚಿ, ಡಬ್ಬಿಗೆ ಸಣ್ಣ ತೂತು ಮಾಡಿ, ದಾರ ಅಲ್ಲಿಂದಲೇ ಮಷೀನಿಗೆ ಹೋಗೋ ಹಂಗ ಮಾಡಿದ್ದೆ. ಮಷೀನ್ ಸುರು ಆತು. ಅತ್ತಿ ಬಾಗಿಲದಾಗ ನಿಂತು ಕಿವಿಗೊಟ್ಟು ಕೇಳಿದ್ರು. ಚಟ್ ಇಲ್ಲ, ಪಟ್ ಇಲ್ಲ. ತಲಿ ಅಲ್ಲಾಡಿಸಿ ಛಲೋ ಅದ ಅಂದು ಒಳಗ ಹೋದ್ರು. ಟೊಪ್ಪಿಗಿ ನುಣ್ಣಗ ಇಳೀತು ನೋಡ್ರಿ, ನನಗ ಅಲ್ಲೇ ಕುಣೀಬೇಕು ಅನ್ನಿಸ್ತು.

ಸಾಹೇಬ್ರು ಟೊಪ್ಪಿಗಿ ಜಗ್ಗಿ, ಮಡಚಿ ನೋಡಿ ಒಂದು ಫಾರ್ಮ್ ತಗದ್ರು. ರೋಲಿನ ತೇವ ಯಾವುದರಿಂದ ತಪಾಸ್ತೀರಿ ಅಂತ ಮರಾಠಿದಾಗ ಕೇಳಿದ್ರು. ನನ್ನ ಹತ್ರ ಯಾವ ಯಂತ್ರ, ಮಣ್ಣು! ದಿಕ್ಕು ತೋಚದೇ ಬಾಗಿಲ ಕಡೆ ತಿರುಗಿ "ಅತ್ತಿ" ಅಂತ ಕರದೆ. ಸಾಹೇಬ್ರಿಗೆ ಕನ್ನಡ ಬರೂದಿಲ್ಲ. ಏನೋ ಬರಕೊಂಡು, ಎಷ್ಟು ವರ್ಷ ಆತು ಅಂದ್ರು. ಅತ್ತಿ ವಯಸ್ಸು ಕೇಳ್ಲಿಕತ್ತಾರ ಅಂತ ಅರವತ್ತೆಂಟು ಅಂದೆ. ಒಂದ್ ಕ್ಷಣ ಪೆನ್ನು ನಿಂತಿತು. ಹಳೇ ಕಾಲದವು ಗಟ್ಟಿನೇ ಇರ್ತಾವ ಅಂದ್ರು. ಹೌದು ಅಂದೆ.

ಎಂಟು ದಿನಕ್ಕ ಮೇಲ್ ಬಂತು. ಕೆಲಸ ಮಂಜೂರ್! ಯಜಮಾನ್ರಿಗೆ ಫೋನ್ ಮಾಡಿ ಮಷೀನ್ ಮಾರೂದಿಲ್ಲ, ಮಾರೂದಿಲ್ಲ ಅಂತ ಎರಡೆರಡು ಸಲ ಒದರಿದೆ. ಆಮ್ಯಾಲ ಸಮಾಧಾನದಿಂದ ಕೆಳಗಿನದ್ದೂ ಓದಿದೆ. ತೇವ ತಪಾಸಲಿಕ್ಕೆ ನೀವು ಬಳಸೋ ಎ.ಟಿ.ಟಿ.ಐ. ಯಂತ್ರ ನಮ್ಮ ಫ್ಯಾಕ್ಟರಿಗೂ ಎರಡು ಬೇಕಾಗ್ಯಾವ, ಎಲ್ಲಿ ಸಿಗ್ತಾವ ತಿಳಿಸ್ರಿ ಅಂತ ಇತ್ತು.

ಸುಳ್ಳು ಹೇಳಿದಾಕಿ ಅಂತ ಕೆಲಸ ಕಸಗೊಂಡ್ರ? ಕೂಡಲೇ ಸಾಹೇಬ್ರಿಗೆ ಫೋನ್ ಹಚ್ಚಿ, ಅತ್ತಿ ಅಂದ್ರ ಯಂತ್ರ ಅಲ್ರಿ, ನಮ್ಮ ಸಾಸೂಬಾಯಿ ಅಂದೆ. ಸಾಹೇಬ್ರು ನಗಲಿಕ್ಕೆ ಸುರು ಮಾಡಿದ್ರು, ಕೆಮ್ಮು ಬರೋತನಕ ನಕ್ಕರು. ಟೊಪ್ಪಿಗಿ ನಮ್ಮ ಪರೀಕ್ಷಾದಾಗ ಪಾಸಾಗ್ಯಾವ, ಕೆಲಸ ನಿಮಗೇ ಅಂದ್ರು.

ಇಷ್ಟೂ ಅತ್ತಿಗೆ ಹೇಳಿದೆ, ಫ್ಯಾಕ್ಟರಿಯವ್ರು ನಿಮ್ಮಂಥಾವ್ರು ಎರಡು ಬೇಕಂದಾರ್ರಿ ಅಂತ. ಅತ್ತಿ ಸೌಟು ಕೆಳಗಿಟ್ಟು ನನ್ನ ಮುಖ ನೋಡಿದ್ರು.

"ಒಂದಿದ್ದದ್ದಕ್ಕೇ ನೀ ಇಷ್ಟು ಒದ್ದಾಡ್ತಿ. ಎರಡು ತಗೊಂಡು ಅವ್ರು ಏನು ಬಾಳೇವು ಮಾಡ್ತಾರವ್ವಾ?"