ಅರವತ್ತನಾಲ್ಕು ಪುಟಗಳ ವಿಮರ್ಶಕ

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೈ ಒರೆಸಿಕೊಳ್ಳುವ ಮೊದಲೇ ಹೆಡ್ ಕ್ಲಾರ್ಕರು ಒಂದು ಘೋಷಣೆ ಹೊರಡಿಸಿದರು.

"ಇವತ್ತಿನಿಂದ ಈ ಮನೆಯಲ್ಲಿ ಸತ್ಯಯುಗ! ಮೂರು ಪುಸ್ತಕ ತಗೊಂಡು, ಮೊದಲನೇ ಪುಟದಿಂದ ಕೊನೇ ಪುಟದವರೆಗೆ ಓದಿ, ಇದ್ದದ್ದನ್ನ ಇದ್ದ ಹಾಗೆ ಬರೀತೀನಿ. ಯಾರ ಮುಲಾಜೂ ಇಲ್ಲ!"

ಹೆಂಡತಿ ತಟ್ಟೆ ಎತ್ತಿಕೊಂಡು, "ಮುಲಾಜಿನ ಮಾತು ಆಮೇಲೆ ರೀ. ಮೊದಲು ಪುಟ ತಿರುಗಿಸಿದ್ರೆ ಸಾಕು" ಎಂದರು.

ಈ ಮಾತಿಗೆ ಇತಿಹಾಸವಿದೆ. ಹೆಡ್ ಕ್ಲಾರ್ಕರು ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ದೂರು ಅರ್ಜಿ ಓದಿ ಓದಿ ಸುಸ್ತಾದವರು. ಅರ್ಜಿಯ ಮೊದಲ ಸಾಲು, ಕೊನೆಯ ಸಹಿ ನೋಡಿದರೆ ಸಾಕು, ನಡುವೆ ಏನಿದೆಯೆಂದು ಅವರಿಗೆ ತಾನಾಗಿಯೇ ತಿಳಿಯುತ್ತಿತ್ತು: ನೀರು ಬಂದಿಲ್ಲ. ಈ ವಿದ್ಯೆಯನ್ನು ಅವರು ಸಾಹಿತ್ಯಕ್ಕೂ ವಿಸ್ತರಿಸಿದ್ದರು. ಮುನ್ನುಡಿ, ಬೆನ್ನುಡಿ ನೋಡಿಕೊಂಡು ಯಾವ ಪುಸ್ತಕದ ಮೇಲಾದರೂ ಮುಕ್ಕಾಲು ಗಂಟೆ ಮಾತಾಡಬಲ್ಲವರಾಗಿದ್ದರು. ಹೆಂಡತಿ ಅವರಿಗೆ 'ಮುನ್ನುಡಿ ಪಂಡಿತರು' ಎಂಬ ಬಿರುದು ಕೊಟ್ಟು ಹತ್ತು ವರ್ಷವಾಗಿತ್ತು.

ಬಿರುದು ಕೊಡುವ ಅಧಿಕಾರವೂ ಆಕೆಗಿತ್ತು. ಬೀದಿಯವರೆಲ್ಲ ಬೈಂಡರಮ್ಮ ಎಂದು ಕರೆಯುವ ಆಕೆ, ತಂದೆಯಿಂದ ಕಲಿತ ಬೈಂಡಿಂಗ್ ಕೆಲಸವನ್ನು ಮನೆಯ ಮುಂದಿನ ಕೋಣೆಯಲ್ಲಿ ಮಾಡುತ್ತಿದ್ದರು. ಹರಿದ ಪುಸ್ತಕ ಕೈಗೆ ಬಂದರೆ ಓದಿದವರು ಎಲ್ಲಿ ನಿಲ್ಲಿಸಿದ್ದಾರೆಂದು ಅಂಚು ನೋಡಿಯೇ ಹೇಳುತ್ತಿದ್ದರು. "ಮೊದಲ ಮೂವತ್ತು ಪುಟ ಬೆರಳಿನ ಕೊಳೆ. ಆಮೇಲೆ ನೋಡಿ, ಹಾಲಲ್ಲಿ ತೊಳೆದ ಹಾಗಿದೆ. ಬಾಯಿ ಸುಳ್ಳು ಹೇಳುತ್ತೆ, ಅಂಚು ಹೇಳಲ್ಲ."

ಆ ವಾರ ಬಡಾವಣೆಯ ಗ್ರಂಥಾಲಯಕ್ಕೆ ಹೊಸ ಗ್ರಂಥಪಾಲಕಿ ಬಂದಿದ್ದರು. ನಗು ಕಡಿಮೆ, ನಿಯಮ ಹೆಚ್ಚು. ಬಂದವರೇ ಎರಡು ಕೆಲಸ ಮಾಡಿದರು. ಬಾಗಿಲ ಪಕ್ಕ 'ಓದುಗರ ನೇರ ಮಾತು' ಎಂಬ ಬೋರ್ಡು ಹಾಕಿಸಿದರು. ಅದರಲ್ಲಿ ಅಂಟಿಸುವ ಚೀಟಿಯ ತಲೆಯ ಮೇಲೆ 'ಈ ಪುಸ್ತಕವನ್ನು ಕೊನೆಯ ಪುಟದವರೆಗೂ ಓದಿದ್ದೇನೆ' ಎಂದು ಅಚ್ಚಾಗಿರುತ್ತಿತ್ತು, ಕೆಳಗೆ ಸಹಿ ಮಾಡಬೇಕು. ಎರಡನೆಯದು, ಬೈಂಡರಮ್ಮನಿಗೆ ಮೂರು ಹರಿದ ಪುಸ್ತಕ ಕಳಿಸಿದರು. "ಇವು ಸರಿಬಂದರೆ ಈ ವರ್ಷದ ನಾನೂರು ಪುಸ್ತಕ ನಿಮಗೇ. ಇಲ್ಲದಿದ್ದರೆ ಬೇರೆ ಕಡೆ ನೋಡ್ತೀನಿ."

ನಾನೂರು ಪುಸ್ತಕವೆಂದರೆ ಬೈಂಡರಮ್ಮನ ಪಾಲಿಗೆ ಇಡೀ ವರ್ಷದ ಅನ್ನ. ಅದೇ ಹೊತ್ತಿಗೆ ಆಕೆಯ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಹೊಲಿಗೆ ನಿಧಾನವಾಗಿ ಆದೀತು, ಹಳೇ ದಾರ ಬಿಚ್ಚಿ ಹಾಳೆ ಜೋಡಿಸುವುದು ಆಗದು.

"ಅದಕ್ಕೆ ನಾನಿಲ್ವಾ?" ಎಂದರು ಹೆಡ್ ಕ್ಲಾರ್ಕರು. "ನಿನ್ನ ಕೆಲಸವೂ ಆಯ್ತು, ನನ್ನ ಓದೂ ಆಯ್ತು. ಮೂರೂ ಪುಸ್ತಕದ ಮೇಲೆ ನನ್ನ ಚೀಟಿ ಬೋರ್ಡಿಗೇರುತ್ತೆ."

ಬೈಂಡರಮ್ಮ ಊದಿದ ಮಣಿಕಟ್ಟು ನೋಡಿಕೊಂಡರು. ಬೇಡ ಅನ್ನಲು ಬೇಕಾದ ಶಕ್ತಿ ಆ ಮಣಿಕಟ್ಟಿನಲ್ಲಿರಲಿಲ್ಲ.

"ಇಲ್ಲಿ ನೋಡಿ. ಹದಿನಾರು ಪುಟದ ಈ ಒಂದೊಂದು ಕಟ್ಟಿಗೆ ಫಾರಂ ಅಂತಾರೆ. ಮೊದಲನೇ ಫಾರಂ, ಎರಡನೇ ಫಾರಂ, ಹೀಗೆ ಒಂದರ ಮೇಲೊಂದು ಇಡೋದು. ಅಷ್ಟೇ. ಒಂದು ಪುಸ್ತಕ ಮುಗಿದ ಮೇಲೆ ಇನ್ನೊಂದು ಮುಟ್ಟಿ. ಜೋಡಿಸೋವಾಗ ಮಾತ್ರ ಓದಬೇಡಿ. ನಮ್ಮಪ್ಪ ಹೇಳ್ತಿದ್ರು, ಓದೋ ಬೈಂಡರು ಒಲೆ ಮುಂದೆ ತೂಕಡಿಸೋ ಅಡುಗೆಯವನಿದ್ದ ಹಾಗೆ ಅಂತ."

"ನಿಮ್ಮಪ್ಪನ ಕಾಲ ಬೇರೆ ಕಣೇ" ಎಂದು ಆ ಅಪ್ಪನ ಅಳಿಯಂದಿರು ನಡುಮನೆಯಲ್ಲಿ ಚಾಪೆ ಹಾಸಿದರು.

ಮೂರೂ ಪುಸ್ತಕ ಒಂದೇ ಪ್ರಕಾಶನದವು. ಒಂದೇ ಅಳತೆ, ಒಂದೇ ಅಚ್ಚು, ಪುಟದ ತಲೆಯ ಮೇಲೆ ಪುಸ್ತಕದ ಹೆಸರಿಲ್ಲ. ಒಂದು 'ಅದ್ಭುತ ಸಾಹಿತ್ಯ' ಎಂಬ ಶುದ್ಧ ಕಲ್ಪನೆಯ ಜಾತಿಗೆ ಸೇರಿದ ಡ್ರ್ಯಾಗನ್ ಕಾದಂಬರಿ, ಒಂದು ಪ್ರೇಮ ಕಾದಂಬರಿ, ಇನ್ನೊಂದು ಚಪ್ಪಲಿ ಕಳೆದುಕೊಂಡ ಆಮೆಯ ಮಕ್ಕಳ ಕಥೆ. ಒಂದು ಮುಗಿಸಿ ಇನ್ನೊಂದು ಎಂಬ ಹೆಂಡತಿಯ ಮಾತು ಹೆಡ್ ಕ್ಲಾರ್ಕರಿಗೆ ತೀರ ಹಳೆಯ ಪದ್ಧತಿ ಅನ್ನಿಸಿತು. ಕಚೇರಿಯಲ್ಲಿ ಮೂರು ಕಡತ ಒಟ್ಟಿಗೆ ನಡೆಸುವುದಿಲ್ಲವೇ? ಮೂರರ ಮೊದಲ ಫಾರಂ ಓದಿದರು, ಪಕ್ಕಕ್ಕಿಟ್ಟರು. ಮೂರರ ಎರಡನೇ ಫಾರಂ ಓದಿದರು. ಹೊಲಿಗೆ ಮೇಜಿನ ಕಡೆಗೆ ಅಭಿಪ್ರಾಯಗಳು ಹಾರತೊಡಗಿದವು.

"ಲೇ, ಇದರಲ್ಲಿ ಏಳು ರಾಜ್ಯ, ಹನ್ನೊಂದು ರಾಜರು! ಹೆಸರು ನೆನಪಿಟ್ಟುಕೊಳ್ಳೋಕೆ ಒಬ್ಬ ಗುಮಾಸ್ತ ಬೇಕು. ನಲವತ್ತು ಪುಟದಿಂದ ಯುದ್ಧ ಮಾಡ್ತಿದ್ದಾರೆ, ಒಬ್ಬನೂ ಊಟಕ್ಕೆ ಕೂತಿಲ್ಲ."

"ಜೋಡಿಸ್ತಿದ್ದೀರಾ, ಓದ್ತಿದ್ದೀರಾ?"

"ಎರಡೂ! ಈ ಪ್ರೇಮಿಗಳು ಒಂದೇ ಬ್ಯಾಂಕಲ್ಲಿ ಎದುರುಬದುರು ಕೂತು ಐವತ್ತು ಪುಟ ಮಾತೇ ಆಡಿಲ್ಲ ಕಣೇ."

"ನಮಗೂ ಅಭ್ಯಾಸ ಇರೋದೇ ತಾನೇ" ಎಂದು ಬೈಂಡರಮ್ಮ ದಾರ ಕಡಿದರು.

ನಾಲ್ಕನೇ ಫಾರಂ ಮುಗಿಯಿತು. ಹೆಡ್ ಕ್ಲಾರ್ಕರು ಮೂರು ಐದನೇ ಫಾರಂಗಳನ್ನು ಎದೆಯ ಮೇಲಿಟ್ಟುಕೊಂಡು, ಕಣ್ಣಿಗೆ ಒಂದೇ ಒಂದು ನಿಮಿಷ ವಿಶ್ರಾಂತಿ ಕೊಟ್ಟರು. ಇಪ್ಪತ್ತೆಂಟು ವರ್ಷದ ದಣಿವು ಆ ಒಂದು ನಿಮಿಷಕ್ಕಾಗಿಯೇ ಹೊಂಚು ಹಾಕಿತ್ತು. ಎಚ್ಚರವಾದಾಗ ಗಡಿಯಾರದಲ್ಲಿ ಐದೂವರೆ, ಫಾರಂಗಳು ನೆಲದಲ್ಲಿ.

"ಆಯ್ತೇನ್ರೀ?" ಎಂದಿತು ಹೊಲಿಗೆ ಮೇಜು.

"ಆಯ್ತು, ಆಯ್ತು!" ಎಂದರು ಪಂಡಿತರು. ಗಡಿಬಿಡಿಯಲ್ಲಿ ಎತ್ತಿ ಪುಟಸಂಖ್ಯೆ ನೋಡಿದರು. ಮೂರರಲ್ಲೂ ಅರವತ್ತೈದರಿಂದ ಎಂಬತ್ತು. ಸರಿ! ಕೈಗೆ ಬಂದಂತೆ ಒಂದೊಂದು ರಾಶಿಗೆ ಒಂದೊಂದನ್ನು ಸೇರಿಸಿದರು. ಉಳಿದ ಫಾರಂಗಳು ಹಳೇ ಕಟ್ಟಿನಿಂದ ಕದಲಿರಲೇ ಇಲ್ಲ, ಹಾಗೇ ಎತ್ತಿ ಮೇಲಿಟ್ಟರು. ಬೈಂಡರಮ್ಮ ಹೊಲಿಯುವ ಮೊದಲು ಮೂಲೆಯ ಸಂಖ್ಯೆಗಳನ್ನು ಪಟಪಟ ತಿರುಗಿಸಿ ನೋಡಿದರು. ಒಂದೂ ತಪ್ಪಿರಲಿಲ್ಲ. ಗಂಡನ ಮೇಲೆ ಆಕೆಗೆ ಅಪರೂಪಕ್ಕೆ ಗೌರವ ಹುಟ್ಟಿತು!

ಪಂಡಿತರು ಅಂದೇ ಮೂರು ಚೀಟಿ ಬರೆದು ಸಹಿ ಹಾಕಿದರು. ಡ್ರ್ಯಾಗನ್ ಕಾದಂಬರಿಗೆ: 'ಯುದ್ಧ ಜಾಸ್ತಿ, ಊಟ ಕಡಿಮೆ. ಮುಕ್ತಾಯ ನಿರೀಕ್ಷಿತ.' ಪ್ರೇಮ ಕಾದಂಬರಿಗೆ: 'ಮದುವೆಯಾಗಿ ಇಪ್ಪತ್ತಾರು ವರ್ಷವಾದವರಿಗೆ ಇದರಲ್ಲಿ ಹೊಸದೇನಿಲ್ಲ. ಮುಕ್ತಾಯ ನಿರೀಕ್ಷಿತ.' ಆಮೆಯ ಕಥೆಗೆ: 'ತನ್ನ ವಸ್ತು ತಾನೇ ಜೋಪಾನ ಮಾಡಬೇಕೆಂಬ ನೀತಿಯನ್ನು ಆಮೆ ಕೊನೆಗೆ ಕಲಿಯುತ್ತದೆ. ಮುಕ್ತಾಯ ನಿರೀಕ್ಷಿತ.'

ಪುಸ್ತಕಗಳು ಗ್ರಂಥಾಲಯ ಸೇರಿದವು, ಚೀಟಿಗಳು ಬೋರ್ಡಿಗೇರಿದವು. ಕಚೇರಿಯಲ್ಲಿ ಟೀ ಹೊತ್ತಿಗೆ ಟೈಪಿಸ್ಟು, "ಏನ್ ಸಾರ್, ಡ್ರ್ಯಾಗನ್ನನ್ನೂ ಬಿಡ್ಲಿಲ್ವಂತೆ!" ಎಂದ. ಹೆಡ್ ಕ್ಲಾರ್ಕರು ತಿಂಗಳಿಡೀ ನೆಲದಿಂದ ಎರಡಂಗುಲ ಮೇಲೆಯೇ ನಡೆದರು.

ತಿಂಗಳು ಕಳೆದ ಮೇಲೆ ಗ್ರಂಥಪಾಲಕಿ ಬೈಂಡರಮ್ಮನನ್ನು ಕರೆಸಿದರು. ಸನ್ಮಾನವೇ ಇರಬೇಕೆಂದು ಪಂಡಿತರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜೊತೆಗೆ ಹೊರಟರು.

ಮೇಜಿನ ಮೇಲೆ ಮೂರೂ ಪುಸ್ತಕವಿತ್ತು. ಗ್ರಂಥಪಾಲಕಿ ಕನ್ನಡಕ ಸರಿಮಾಡಿಕೊಂಡು ಪ್ರೇಮ ಕಾದಂಬರಿ ತೆರೆದರು. "ಅರವತ್ತನಾಲ್ಕನೇ ಪುಟದ ಕೊನೇ ಸಾಲು ಓದ್ತೀನಿ, ಕೇಳಿ. 'ಅವನು ಮೊದಲ ಬಾರಿಗೆ ಅವಳ ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು,' ಈಗ ಅರವತ್ತೈದು. 'ಹನ್ನೆರಡು ಸಾವಿರ ಸೈನಿಕರೊಂದಿಗೆ ಕೋಟೆಯ ಬಾಗಿಲು ಮುರಿದ.'"

ಅವರು ಡ್ರ್ಯಾಗನ್ ಕಾದಂಬರಿ ತೆರೆದರು. "'ಚಕ್ರವರ್ತಿ ಕತ್ತಿ ಮೇಲೆತ್ತಿ, ಏಳು ರಾಜ್ಯ ನಡುಗುವಂತೆ ಗರ್ಜಿಸಿದ:' ಮುಂದೆ, 'ಅಮ್ಮಾ, ನನ್ನ ಎಡಗಾಲಿನ ಚಪ್ಪಲಿ ನೋಡಿದ್ಯಾ?'"

ಆಮೆಯ ಪುಸ್ತಕ ಕೊನೆಯದು. "'ಆಮೆ ಚಿಪ್ಪಿನಿಂದ ಮೆಲ್ಲಗೆ ತಲೆ ಹೊರಗೆ ಹಾಕಿ,' ಮುಂದೆ, 'ನಮ್ಮ ಮದುವೆಗೆ ಅಪ್ಪ ಒಪ್ಪುವುದಿಲ್ಲ ಎಂದು ಬಿಕ್ಕಿದಳು.'"

ಬೇರೆ ದಿನವಾಗಿದ್ದರೆ ಹೆಡ್ ಕ್ಲಾರ್ಕರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇವತ್ತು ಇಸ್ತ್ರಿ ಅಂಗಿಯ ಕತ್ತಿನ ಗುಂಡಿ ಬಿಚ್ಚಿಕೊಂಡರು.

"ಪ್ರೇಮ ಕಾದಂಬರಿ ನಾಲ್ಕು ಜನ ಒಯ್ದರು" ಎಂದರು ಗ್ರಂಥಪಾಲಕಿ. "ನಾಲ್ವರೂ 'ಮನಮಿಡಿಯುವ ಕಥೆ' ಅಂತ ಬರೆದು ಸಹಿ ಮಾಡಿದ್ದಾರೆ. ಕೋಟೆ ಬಾಗಿಲು ಮುರಿದಿದ್ದು ಒಬ್ಬರಿಗೂ ಕೇಳಿಸಿಲ್ಲ. ಡ್ರ್ಯಾಗನ್ ಓದಿದ ಮೂವರದೂ ಇದೇ ಹಾಡು. ಆಮೆ ಪುಸ್ತಕ ಒಯ್ದಿದ್ದು ಮೂರನೇ ಕ್ಲಾಸಿನ ಹುಡುಗಿ. ಅವಳ ಚೀಟಿ ಇದು. 'ಅರವತ್ತನಾಲ್ಕು ಪುಟದವರೆಗೆ ತುಂಬಾ ಚೆನ್ನಾಗಿದೆ. ಆಮೇಲೆ ಬೈಂಡಿಂಗ್ ಮಾಡೋರು ನಿದ್ದೆ ಮಾಡಿದ್ದಾರೆ.'"

ಬೈಂಡರಮ್ಮ ಪುಸ್ತಕ ಎತ್ತಿಕೊಂಡರು. ಐದನೇ ಫಾರಂ. ಇನ್ನೊಂದು ಎತ್ತಿದರು. ಐದನೇ ಫಾರಂ. ಮೂರನೆಯದನ್ನು ಎತ್ತುವ ಅಗತ್ಯ ಬೀಳಲಿಲ್ಲ. ಪಕ್ಕಕ್ಕೆ ತಿರುಗಿ ಗಂಡನನ್ನು ನೋಡಲೂ ಇಲ್ಲ.

"ತಪ್ಪು ನಮ್ಮ ಮನೆಯದೇ ಮೇಡಂ" ಎಂದಷ್ಟೇ ಹೇಳಿದರು.

"ನಿಮ್ಮ ಹೊಲಿಗೆ ಚೆನ್ನಾಗಿದೆ. ಆದರೆ ಮೂರಕ್ಕೆ ಮೂರೂ ಹೀಗಾದರೆ ನಾನೂರು ಪುಸ್ತಕ ಯಾವ ಧೈರ್ಯದ ಮೇಲೆ ಕೊಡಲಿ?"

ಬೈಂಡರಮ್ಮ ತಲೆಯಾಡಿಸಿದರು. ಊತ ಇಳಿಯದ ಮಣಿಕಟ್ಟನ್ನು ಸೆರಗಿನೊಳಗೆ ಸರಿಸಿಕೊಂಡು, ಚೀಲ ಎತ್ತಿಕೊಳ್ಳಲು ಬಾಗಿದರು.

ಹೆಡ್ ಕ್ಲಾರ್ಕರ ಮುಂದೆ ಈಗ ಎರಡು ದಾರಿಯಿದ್ದವು. ಸುಮ್ಮನಿದ್ದರೆ ಬೋರ್ಡಿನ ಮೇಲಿನ ಮೂರು ಚೀಟಿ, ಟೈಪಿಸ್ಟನ ಗೌರವ, ಎರಡಂಗುಲದ ಎತ್ತರ ಎಲ್ಲ ಉಳಿಯುತ್ತಿತ್ತು. ಬಾಯಿ ಬಿಟ್ಟರೆ ಒಂದೂ ಉಳಿಯುತ್ತಿರಲಿಲ್ಲ. ಅವರು ಬಾಯಿ ಬಿಟ್ಟರು.

"ಮೇಡಂ, ಹೊಲಿದಿದ್ದು ಇವಳು. ಜೋಡಿಸಿದ್ದು ನಾನು. ಆ ಹುಡುಗಿ ಬರೆದಿದ್ದು ಅಕ್ಷರಶಃ ಸತ್ಯ. ಅರವತ್ತನಾಲ್ಕನೇ ಪುಟದ ಹತ್ತಿರ ನನಗೆ ನಿದ್ದೆ ಬಂತು."

"ಯಾವ ಪುಸ್ತಕದ ಅರವತ್ತನಾಲ್ಕು?"

"ಮೂರರದ್ದೂ."

ಗ್ರಂಥಪಾಲಕಿ ಬೋರ್ಡಿನ ಕಡೆ ನೋಡಿದರು. ಆಮೇಲೆ ಇವರ ಕಡೆ. "ಹಾಗಾದರೆ 'ಕೊನೆಯ ಪುಟದವರೆಗೂ ಓದಿದ್ದೇನೆ' ಅಂತ ಮೂರು ಸಹಿ ಮಾಡಿದ್ದೀರಲ್ಲ, ಅದೇನು?"

"ಅದೂ ಅದ್ಭುತ ಸಾಹಿತ್ಯವೇ ಮೇಡಂ."

ಒಂದು ತಿಂಗಳಲ್ಲಿ ಮೊದಲ ಬಾರಿಗೆ ಗ್ರಂಥಪಾಲಕಿಯ ತುಟಿ ಒಂದು ಬದಿಗೆ ಸ್ವಲ್ಪ ಸರಿಯಿತು. "ಮೂರನ್ನೂ ಬಿಚ್ಚಿ ಸರಿಮಾಡಿ ತನ್ನಿ ಬೈಂಡರಮ್ಮ. ನಾನೂರು ನಿಮಗೇ. ಒಂದೇ ಷರತ್ತು, ಇವರು ಮುಟ್ಟುವುದಾದರೆ ಹೊಲಿಗೆ ಮುಗಿದ ಪುಸ್ತಕ ಮಾತ್ರ." ಆಮೇಲೆ ಪೆನ್ನು ತೆಗೆದು ಖಾಲಿ ಚೀಟಿಯೊಂದರ ಮೇಲಿನ ಅಚ್ಚಿನ ಸಾಲನ್ನು ಹೊಡೆದು ಹಾಕಿ, 'ಎಲ್ಲಿಂದ ಎಲ್ಲಿಯವರೆಗೆ ಓದಿದಿರಿ?' ಎಂದು ಬರೆದು ಹೆಡ್ ಕ್ಲಾರ್ಕರ ಕೈಗಿಟ್ಟರು.

ದಾರಿಯಲ್ಲಿ ಬೈಂಡರಮ್ಮ ಕೇಳಿದರು, "ಯಾಕೆ ಹೇಳಿದ್ರಿ?"

"ಸತ್ಯಯುಗ ಅಂದಿದ್ನಲ್ಲ."

"ತಿಂಗಳು ತಡವಾಗಿ ಶುರುವಾಯ್ತು" ಎಂದ ಆಕೆ ಚೀಲ ಅವರ ಕೈಗೆ ದಾಟಿಸಿದರು. ಅದರಲ್ಲಿ ಮೂರೂ ಪುಸ್ತಕವಿತ್ತು, ಭಾರವಾಗಿಯೇ ಇತ್ತು.

ಮೂರು ದಿನ ಬಿಟ್ಟು ಆಮೆಯ ಪುಸ್ತಕ ಹೊಸ ಹೊಲಿಗೆ, ಹೊಸ ರಟ್ಟು, ಹೊಸದಾಗಿ ಕತ್ತರಿಸಿದ ಅಂಚಿನೊಂದಿಗೆ ಸಿದ್ಧವಾಯಿತು. ಹೆಡ್ ಕ್ಲಾರ್ಕರು ಕಚೇರಿಯಿಂದ ಬಂದು ಕಾಲು ತೊಳೆದು, ಚೀಟಿ, ಪೆನ್ಸಿಲ್ ಸಮೇತ ಕುರ್ಚಿಯಲ್ಲಿ ಪ್ರತಿಷ್ಠಾಪಿತರಾದರು.

"ಪೂರ್ತಿ ಓದ್ತೀನಿ ಈ ಸಲ."

"ಓದಿ, ಓದಿ."

ಮುಕ್ಕಾಲು ಗಂಟೆಯ ಮೇಲೆ ಬೈಂಡರಮ್ಮ ತಲೆಯೆತ್ತಿದಾಗ ಪಂಡಿತರು ಬಾಯಿ ತೆರೆದು ಮಲಗಿದ್ದರು. ಪುಸ್ತಕ ಎದೆಯ ಮೇಲೆ ಕವುಚಿ ಬಿದ್ದಿತ್ತು. ಎತ್ತಿ ನೋಡಿದರು. ಕೊನೆಯ ಪುಟ, ತೊಂಬತ್ತೈದು! ಆಕೆಯ ಮನಸ್ಸು ಕರಗಿತು. ಪಾಪ, ದಣಿದವರು, ಆದರೂ ಮುಗಿಸಿದರಲ್ಲ.

ಆದರೆ ಬೈಂಡರಮ್ಮನ ಹೆಬ್ಬೆರಳು ಮನಸ್ಸಿನ ಮಾತು ಕೇಳುವಂಥದ್ದಲ್ಲ. ಅದು ತಾನಾಗಿಯೇ ಅಂಚಿನ ಮೇಲೆ ಸರಿಯಿತು. ಹೊಸದಾಗಿ ಕತ್ತರಿಸಿದ ಪುಟಗಳು ಮೊದಲ ಸಲ ಬಿಡಿಸುವವರೆಗೆ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಎಪ್ಪತ್ತಮೂರರಿಂದ ತೊಂಬತ್ತನಾಲ್ಕರವರೆಗಿನ ಹಾಳೆಗಳು ಹಲಗೆಯ ಹಾಗೆ ಕಚ್ಚಿಕೊಂಡೇ ಇದ್ದವು.

"ರೀ, ಮುನ್ನುಡಿ ಪಂಡಿತರೇ!" ಎಂದು ಕೂಗಲು ಬಾಯಿ ತೆರೆದವರು, ಕುರ್ಚಿಯ ಕೆಳಗೆ ಬಿದ್ದಿದ್ದ ಚೀಟಿ ಕಂಡು ಎತ್ತಿಕೊಂಡರು. ಗುಂಡಗಿನ ಗುಮಾಸ್ತ ಅಕ್ಷರದಲ್ಲಿ ಹೀಗೆ ಬರೆದಿತ್ತು:

'ಓದಿದ್ದು ಒಂದರಿಂದ ಎಪ್ಪತ್ತಮೂರು. ಕಣ್ಣು ಎಳೆಯುತ್ತಿದ್ದ ಕಾರಣ ಆಮೇಲೆ ನೇರವಾಗಿ ತೊಂಬತ್ತೈದು. ಚಪ್ಪಲಿ ಸಿಕ್ಕಿತು. ಎಲ್ಲಿ, ಹೇಗೆ ಎಂಬುದು ಗೊತ್ತಿಲ್ಲ. ನಾನು ಅಂದುಕೊಂಡಿದ್ದ ನೀತಿ ಮಾತ್ರ ಎಲ್ಲೂ ಇಲ್ಲ. ಹೆಚ್ಚಿನ ವಿವರಕ್ಕೆ ಮೂರನೇ ಕ್ಲಾಸಿನ ಆ ಹುಡುಗಿಯನ್ನು ವಿಚಾರಿಸುವುದು.'